ಗೋಡೆ ಪಕ್ಕದ ಕುರ್ಚಿ

ಫೋನಿನ ಆ ಕಡೆ ಯಾರೂ ಇರಲಿಲ್ಲ. ಇದ್ದಾರೆಂಬಂತೆ ವಸೀಲಾ ಮಾತಾಡುತ್ತಲೇ ಇದ್ದಳು. ಟ್ಯೂನಿಸ್ಸಿನ ಬಾರ್ಸಲೋನಾ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೊತ್ತಿಕೊಂಡಳೋ ಇಲ್ಲವೋ, ಬಾಯಿ ತನ್ನಷ್ಟಕ್ಕೆ ತಾನೇ ಶುರುಮಾಡಿಕೊಂಡಿತ್ತು. "ಅಲ್ಲಮ್ಮಾ, ಮ್ಲೂಖಿಯಾ ಸೊಪ್ಪಿನ ಪುಡೀನ ಎಣ್ಣೇಲಿ ಚೆನ್ನಾಗಿ ಕದಡ್ಕೊಂಡ್ಮೇಲೆ ತಾನೇ ನೀರು ಹಾಕೋದು? ಹೂಂ... ಉರಿ ಸಣ್ಣಗೆ ಇಟ್ಟಿದೀಯಾ? ತಳ ಹಿಡಿದೀತು ನೋಡ್ಕೋ..." ತನ್ನೂರು ಗಾಬೆಸಿನ ತೋಟದ ಕಡೆಯ ಈ ಎಳೆದಾಡುವ ಮಾತನ್ನು, ಟ್ಯೂನಿಸ್ಸಿಗೆ ಬಂದ ಹೊಸದರಲ್ಲಿ ಹಾಸ್ಟೆಲಿನ ಹುಡುಗಿಯರು ನಕ್ಕರೆಂದು, ನಾಲಿಗೆಯಿಂದ ಉಜ್ಜಿ ಉಜ್ಜಿ ತೆಗೆದವಳು ಅವಳೇ. ಈಗ ಅದನ್ನೇ ಪೆಟ್ಟಿಗೆಯ ತಳದಿಂದ ಹೊರಗೆಳೆದು ಬೋಗಿಯ ತುಂಬಾ ಹರಡುತ್ತಿದ್ದಳು. ಆ ವರ್ಷ ಊರಿನ ಗಾಳಿಯೇ ಕೆಟ್ಟಿತ್ತು. ಮರಳುಗಾಡು ದಾಟಿ ಬಂದ ಪರದೇಶದ ಕಪ್ಪು ಜನರ ಮೇಲಿನ ಸಿಟ್ಟಿಗೆ ಕಣ್ಣಿರಲಿಲ್ಲ, ಕಪ್ಪು ಮೈ ಕಂಡಲ್ಲೆಲ್ಲ ಹೋಗಿ ಅಂಟುತ್ತಿತ್ತು. ಗುರುತಿನ ಚೀಟಿ ತೆಗೆದು ತೋರಿಸುವುದಕ್ಕಿಂತ ಮಾತು ತೋರಿಸುವುದು ಮರ್ಯಾದೆಯ ದಾರಿ ಎಂದು ವಸೀಲಾ ತನಗೆ ತಾನೇ ಹೇಳಿಕೊಂಡಿದ್ದಳು. ತಾನು ಇಲ್ಲಿಯವಳು. ತನ್ನ ಅಜ್ಜಿಯ ಅಜ್ಜಿಯೂ ಇಲ್ಲಿಯವಳು. ಇದು ಎಲ್ಲರಿಗೂ ಕೇಳಿಸಲಿ.

ಬಾಗಿಲ ಹತ್ತಿರ ಇನ್ನೊಬ್ಬ ಕಪ್ಪು ಹೆಂಗಸು ನಿಂತಿದ್ದಳು. ಹಳದಿ ಹೂವಿನ ಉದ್ದಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕಿವಿಯ ಮೇಲೆ ಮಲ್ಲಿಗೆಯ ಮೊಗ್ಗಿನ ಕಟ್ಟು ಸಿಕ್ಕಿಸಿಕೊಂಡಿದ್ದ ಒಬ್ಬ ನಡುವಯಸ್ಸಿನವನು ಅವಳನ್ನು ಬಿಟ್ಟಿರಲಿಲ್ಲ.

"ಏನಮ್ಮಾ, ನಿಮ್ಮೂರಿಗೆ ಹೋಗೋ ಗಾಡಿ ಇದಲ್ಲ. ನಮ್ಮೋರಿಗೇ ಕಾಲಿಡಕ್ಕೆ ಜಾಗ ಇಲ್ಲ, ಇವರೊಬ್ರು ಬಾಕಿ ಇದ್ರು."

"ಬಿಡಿ ಸಾಹೇಬ್ರೇ, ಅವಳಿಗೇನು ತಿಳಿಯುತ್ತೆ," ಎಂದಳು ಬುಟ್ಟಿ ಹಿಡಿದ ಒಬ್ಬ ಹೆಂಗಸು.

"ಎಲ್ಲಾ ತಿಳಿಯುತ್ತೆ ತಾಯಿ. ಮನೆ ಖಾಲಿ ಮಾಡು ಅಂದಾಗ ಮಾತ್ರ ಕಿವುಡು."

ಸುತ್ತಲಿನವರು ನಕ್ಕರು. ಆಮೇಲೆ ಅವನು ವಸೀಲಾಳ ಕಡೆ ತಿರುಗಿದ. ಅವಳು ಫೋನನ್ನು ಇನ್ನೂ ಬಿಗಿಯಾಗಿ ಕಿವಿಗೊತ್ತಿಕೊಂಡಳು. ಆದರೆ ಅವನ ಮುಖ ಬೇರೆಯಾಗಿತ್ತು. "ಗಾಬೆಸ್ಸಾ ಮಗಳೇ? ಕೇಳಿದ್ರೇ ಗೊತ್ತಾಗುತ್ತೆ ಬಿಡು. ನನ್ನ ಹೆಂಡ್ತಿ ತವರು ಅಲ್ಲೇ. ಅಮ್ಮನಿಗೆ ಹೇಳು, ಮ್ಲೂಖಿಯಾಕ್ಕೆ ಲವಂಗದೆಲೆ ಮರೀಬೇಡಿ ಅಂತ." ವಸೀಲಾ ನಕ್ಕಳು. ಬರೀ ಹಲ್ಲು ಕಾಣಿಸುವ ನಗೆಯಲ್ಲ ಅದು, ಮನಸಾರೆ ಬಂದುಬಿಟ್ಟ ನಗೆ. ಅದು ಮುಗಿಯುವ ಹೊತ್ತಿಗೆ ಹಳದಿ ಅಂಗಿಯವಳ ಕಣ್ಣು ತನ್ನ ಮೇಲಿರುವುದು ಕಂಡಿತು. ಆ ಕಣ್ಣಿನಲ್ಲಿ ಬೈಗುಳವಿರಲಿಲ್ಲ. ಅಂಗಡಿಯಲ್ಲಿ ಬೇಡವಾದ ಸಾಮಾನನ್ನು ಕೈಗೆತ್ತಿಕೊಂಡು ನೋಡಿ ಮತ್ತೆ ಅಲ್ಲೇ ಇಡುತ್ತೇವಲ್ಲ, ಅಷ್ಟೇ ಇತ್ತು.

ವಿಶ್ವವಿದ್ಯಾಲಯದ ಅಂಗಳ ದಾಟುವಾಗ ಅವಳು ಆ ನಗೆಯನ್ನು ಮುಖದಿಂದ ಒರೆಸಿಕೊಳ್ಳುವ ಹಾಗೆ ಕರವಸ್ತ್ರದಲ್ಲಿ ಮತ್ತೆ ಮತ್ತೆ ಬಾಯಿ ಒರೆಸಿಕೊಂಡಳು. ಎದುರುಗಡೆಯ ಪರೀಕ್ಷಾ ಭವನದ ಮೆಟ್ಟಿಲ ಮೇಲೆ ಹುಡುಗಿಯರು ಪುಸ್ತಕ ಹಿಡಿದು ತುಟಿ ಆಡಿಸುತ್ತಿದ್ದರು. ಮನಶ್ಶಾಸ್ತ್ರ ವಿಭಾಗದ ಪ್ರಯೋಗಾಲಯ ನೆಲಮಾಳಿಗೆಯಲ್ಲಿ. ಬಾಗಿಲ ಮೇಲೆ 'ಪೂರ್ವಗ್ರಹ ಮತ್ತು ಸಾಮಾಜಿಕ ಗ್ರಹಿಕೆ' ಎಂದು ಮದಾಮ್ ಜಲೀಲಾ ತಾವೇ ಆರಿಸಿದ ಅಕ್ಷರಗಳಲ್ಲಿ ಬರೆಸಿದ ಫಲಕ. ಒಳಗೆ ಕಾಯುವ ಕೋಣೆ, ಗೋಡೆಗೆ ತಾಗಿ ಸಾಲಾಗಿ ಕುರ್ಚಿಗಳು, ಎದುರಿಗೆ ಗೋಡೆ ಗಡಿಯಾರ. ಗಡಿಯಾರದ ಹೊಟ್ಟೆಯಲ್ಲಿ ಕ್ಯಾಮೆರಾ. ಪ್ರಯೋಗ ಎಂದರೆ ಇಷ್ಟೇ: ಮೂಲೆಯ ಕುರ್ಚಿಯಲ್ಲಿ ವಸೀಲಾ ತಾನೂ ಸರದಿಗೆ ಕಾಯುತ್ತಿರುವವಳಂತೆ ಪುಸ್ತಕ ಹಿಡಿದು ಕೂರಬೇಕು. ಹಾಜರಿ ಅಂಕದ ಆಸೆಗೆ ಬರುವ ಮೊದಲ ವರ್ಷದ ಹುಡುಗ ಹುಡುಗಿಯರು, ನಿಜವಾದ ಪರೀಕ್ಷೆ ಒಳಗಿನ ಕೋಣೆಯಲ್ಲಿದೆ ಎಂದುಕೊಂಡು ಬಂದು ಯಾವುದೋ ಒಂದು ಕುರ್ಚಿ ಆರಿಸಿ ಕೂರುತ್ತಾರೆ. ಆರಿಸಿದ್ದೇ ಪರೀಕ್ಷೆ. ಒಳಗೆ ಅವರಿಗೆ ಕೊಡುವ ಪ್ರಶ್ನೆಗಳನ್ನು ಯಾರೂ ಓದುವುದೂ ಇಲ್ಲ. "ಹತ್ತಿರ ಕೂತ್ರೆ ಹೃದಯ ಶುದ್ಧ, ದೂರ ಕೂತ್ರೆ ಹೃದಯ ಕಪ್ಪು," ಎನ್ನುವುದು ಪಕ್ಕದ ಕೋಣೆಯ ಪರದೆಯ ಮುಂದೆ ಕೂರುವ ಅನಿಸನ ಸಾರಾಂಶ. ಅನಿಸ್ ಅವಳ ಜೊತೆಗೇ ಸೇರಿದ ಸಂಶೋಧಕ. ಒಳ್ಳೆಯವನೇ. ಹೃದಯ ಕಪ್ಪು ಎಂದ ಮೇಲೆ ಒಂದು ಗಳಿಗೆ ತಡೆದು, "ಅಂದ್ರೆ ಮಾತಿಗೆ ಕಣೇ," ಎಂದು ಸೇರಿಸುವಷ್ಟು ಒಳ್ಳೆಯವನು.

ಇವತ್ತು ಪ್ರಯೋಗದ ಕೊನೆಯ ದಿನ. ಸಂಜೆ ಮೇಲಿನ ಸಭಾಂಗಣದಲ್ಲಿ ಮದಾಮ್ ಫಲಿತಾಂಶ ಮಂಡಿಸುತ್ತಾರೆ. ಅದರ ಮೇಲೆ ವಸೀಲಾಳ ಪಿಎಚ್‌ಡಿ ನಿಂತಿದೆ. ಪ್ರಯೋಗಾಲಯದಲ್ಲಿ ಖಾಲಿಯಾಗುವ ಕಾಯಂ ಹುದ್ದೆಯೂ ಅದರ ಮೇಲೇ ನಿಂತಿದೆ, ಡೀನ್ ಸಾಹೇಬರು ಹೂಂ ಎಂದರೆ ಆಯಿತು. ಫಲಿತಾಂಶವೋ, ಯಾರೂ ನಂಬದಷ್ಟು ಚೆಂದ ಬಂದಿತ್ತು. ಜನ ಅವಳಿಂದ ದೂರ ಕೂರುವುದಿರಲಿ, ಉಳಿದೆಲ್ಲ ಕುರ್ಚಿ ಖಾಲಿಯಿದ್ದರೂ ಬಂದು ಅವಳಿಗೇ ಅಂಟಿಕೊಂಡು ಕೂತಿದ್ದರು. ಯಾಕೆ ಎಂಬುದು ವಸೀಲಾಳಿಗೆ ಮೊದಲ ದಿನದಿಂದ ಗೊತ್ತಿತ್ತು. ಬಾಯಿ ಬಿಟ್ಟಿರಲಿಲ್ಲ.

ಬೆಳಗಿನ ಮೊದಲ ಹುಡುಗಿ ಬಂದಳು. ತಲೆಗೆ ತಿಳಿ ನೀಲಿ ವಸ್ತ್ರ, ಉಗುರು ಕಚ್ಚಿ ಕೆಂಪಗಾದ ಬೆರಳು. ಬಾಗಿಲಲ್ಲಿ ನಿಂತು ಕುರ್ಚಿಗಳ ಸಾಲನ್ನೂ ವಸೀಲಾಳನ್ನೂ ನೋಡಿದಳು, ಬೇಡಿದ್ದು ಕಣ್ಣಿಗೆ ಬಿದ್ದಂತೆ ಮುಖ ಅರಳಿತು. ಬಂದವಳೇ ಪಕ್ಕದಲ್ಲಿ ಕೂತಳು. ಕೈಚೀಲವನ್ನು ವಸೀಲಾಳ ಕಡೆಯ ತೊಡೆಯ ಮೇಲೆ ಅಡ್ಡವಾಗಿಟ್ಟುಕೊಂಡಳು. ವಸೀಲಾ ಪುಸ್ತಕದ ಪುಟದಲ್ಲಿ ಕಣ್ಣು ನೆಟ್ಟಳು, ಸಾಲು ಮುಂದೆ ಹೋಗಲಿಲ್ಲ. ಬರುತ್ತಿದೆ. ಈಗ ಬರುತ್ತದೆ. ಚೀಲದ ಮರೆಯಿಂದ ಆ ಕೈ ಇಷ್ಟಿಷ್ಟೇ ಜಾರಿ ಬಂದು, ಅವಳ ಮೊಣಕೈಯ ಕೆಳಗಿನ ಬರಿಯ ಚರ್ಮಕ್ಕೆ, ಅಕಸ್ಮಾತ್ತಾಗಿ ತಾಗಿದಂತೆ ಬೆರಳ ತುದಿ ಒತ್ತಿತು. ಒತ್ತಿ, ಸ್ವಲ್ಪ ಉಜ್ಜಿತು. ತುಟಿ ಏನೋ ಪಿಸುಗುಟ್ಟಿತು. "ಓ, ಕ್ಷಮ್ಸಿ ಅಕ್ಕಾ," ಎಂದಳು ಹುಡುಗಿ, ಆ ಬೆರಳನ್ನು ತನ್ನ ಎದೆಗೆ ತಾಗಿಸಿಕೊಳ್ಳುತ್ತ. "ಇವತ್ತು ಸಂಖ್ಯಾಶಾಸ್ತ್ರದ ಪರೀಕ್ಷೆ ಇದೆ." ಕ್ಷಮೆಗೂ ಸಂಖ್ಯಾಶಾಸ್ತ್ರಕ್ಕೂ ಏನು ಸಂಬಂಧ ಎಂದು ಬೇರೆ ಯಾರಾದರೂ ಕೇಳುತ್ತಿದ್ದರೇನೋ. ಗಡಿಯಾರದೊಳಗಿನ ಕ್ಯಾಮೆರಾಕ್ಕೆ ಕುರ್ಚಿ ಕಾಣುತ್ತದೆ, ಚೀಲದ ಹಿಂದಿನ ಬೆರಳು ಕಾಣುವುದಿಲ್ಲ. ಹತ್ತಿರ ಕೂತಳು, ಹೃದಯ ಶುದ್ಧ.

ವಸೀಲಾ ಚಿಕ್ಕವಳಿದ್ದಾಗ ಅಜ್ಜಿ ಮಸೂದಾ ಮದುವೆಮನೆಗಳಲ್ಲಿ ಮದುಮಗಳ ಪಕ್ಕ ನಿಲ್ಲುತ್ತಿದ್ದಳು. ಗಾಬೆಸಿನ ದೊಡ್ಡ ಮನೆಗಳಲ್ಲಿ ಮೆಹೆಂದಿಯ ದಿನ ಹೇಳಿಕಳಿಸುತ್ತಿದ್ದರು, ಅಜ್ಜಿ ಕೆಂಪು ಸೆರಗು ಹೊದ್ದು ಹೋಗುತ್ತಿದ್ದಳು. ಬಂಗಾರ ಹೇರಿಕೊಂಡ ಬಿಳಿ ಹುಡುಗಿಯ ಪಕ್ಕ ಕಪ್ಪಗೆ, ಎತ್ತರವಾಗಿ ನಿಲ್ಲುವುದು. ಬಂದವರ ಕಣ್ಣು ಮೊದಲು ಅಜ್ಜಿಯ ಮೇಲೆ ಬಿದ್ದು ಅಲ್ಲೇ ಸುಟ್ಟುಹೋಗಬೇಕು. ಮಗುವಿನ ಕೆನ್ನೆಗಿಡುವ ದೃಷ್ಟಿಬೊಟ್ಟಿಗೆ ಕೈಕಾಲು ಬಂದರೆ ಹೇಗೋ ಹಾಗೆ. ಹೆಂಗಸರು ಹೋಗುತ್ತ ಬರುತ್ತ, ತಮಗೂ ಒಳ್ಳೆಯದಾಗಲೆಂದು, ಅವಳ ತೋಳು ಮುಟ್ಟಿ ಬೆರಳನ್ನು ಎದೆಗೊತ್ತಿಕೊಳ್ಳುತ್ತಿದ್ದರು. ವಸೀಲಾ ಅಜ್ಜಿಯ ಸೆರಗು ಹಿಡಿದು ನಿಂತಿರುತ್ತಿದ್ದಳು. ಅವಳ ಕೆನ್ನೆಯನ್ನೂ ಮುಟ್ಟಿ, ಸಕ್ಕರೆ ಬಾದಾಮಿ ಕೊಡುತ್ತಿದ್ದರು, "ಕಹ್ಲೂಶಾ, ನಮ್ಮ ಕರಿ ಗೊಂಬೆ!" ಎಂದು. ಊಟದ ಹೊತ್ತಿಗೆ ಅಜ್ಜಿ ಮೊಮ್ಮಗಳು ಅಡುಗೆಮನೆಯ ಹಿಂದೆ ಕೂರುತ್ತಿದ್ದರು. ಹಾಗೆಂದು ಯಾರೂ ಹೇಳಿದ್ದಲ್ಲ. ಕಾಲುಗಳೇ ಆ ಕಡೆ ನಡೆಯುತ್ತಿದ್ದವು. ಮನೆಗೆ ಬಂದ ಮೇಲೆ ಅಜ್ಜಿ ತೋಳುಗಳನ್ನು ಸಾಬೂನು ಹಚ್ಚಿ ತೊಳೆಯುತ್ತಿದ್ದಳು. "ಊರ ಕಣ್ಣೆಲ್ಲಾ ಅಂಟ್ಕೊಂಡಿದೆ," ಎನ್ನುತ್ತಿದ್ದಳು. ಬಾದಾಮಿ ಮಾತ್ರ ವಸೀಲಾಳಿಗೆ ಬಹಳ ರುಚಿಯಾಗಿರುತ್ತಿತ್ತು. ಈಗಲೂ ಅದೇ ಅಲ್ಲವೇ? ಮೊದಲ ವಾರದ ಕೊನೆಗೆ ಅನಿಸ್ ಪರದೆಯ ಮೇಲೆ ತೋರಿಸಿದ ಚಿತ್ರದಲ್ಲಿ, ಮೂಲೆಯ ಕುರ್ಚಿಯ ಸುತ್ತ, ಕೂತವರನ್ನು ಗುರುತಿಸಿದ ಚುಕ್ಕಿಗಳೆಲ್ಲ ಬೆಲ್ಲಕ್ಕೆ ಮುತ್ತಿದ ಇರುವೆಗಳಾಗಿದ್ದವು. ಜನ್ಮದಲ್ಲಿ ಮೊದಲ ಬಾರಿ ಯಾರೋ ತನ್ನ ಹತ್ತಿರ ಬರಲು ನುಗ್ಗಾಡಿದ ಚಿತ್ರ. ಹೇಳಬೇಕೆಂದು ತೆರೆದ ಬಾಯಿಯನ್ನು ಅವಳು ಅವತ್ತು ಮುಚ್ಚಿಕೊಂಡಳು. ನಾಳೆ ಹೇಳಿದರಾಯಿತು. ಆ ನಾಳೆಗಳೆಲ್ಲ ಸೇರಿ ಇವತ್ತಾಗಿ ಬಂದು ನಿಂತಿತ್ತು.

ಮಧ್ಯಾಹ್ನದ ಮೊದಲು ಮದಾಮ್ ಜಲೀಲಾ ಅತ್ತರಿನ ಗಾಳಿಯೊಂದಿಗೆ ಒಳಗೆ ಬಂದರು. ಅವರದು ದೊಡ್ಡ ಧ್ವನಿ, ದೊಡ್ಡ ಅಪ್ಪುಗೆ. ವಿದ್ಯಾರ್ಥಿನಿಯರ ಮದುವೆ, ಬಾಣಂತನ, ಜಗಳ ಎಲ್ಲವೂ ಅವರದೇ. ವಸೀಲಾಳಿಗೆ ಹಾಸ್ಟೆಲ್ ಸಿಗದಿದ್ದಾಗ ತಮ್ಮ ಮನೆಯಲ್ಲಿ ಒಂದು ಬೇಸಿಗೆ ಇರಿಸಿಕೊಂಡಿದ್ದರು. ಅದನ್ನು ಅವರು ಎಂದೂ ಎತ್ತಿ ಆಡುವುದಿಲ್ಲ. ಆಡದಿರುವುದೇ ವಸೀಲಾಳ ಬೆನ್ನ ಮೇಲೆ ಕೂತಿತ್ತು.

"ನನ್ನ ಬಂಗಾರಾ, ಒಂದು ಸಣ್ಣ ತಂಟೆ ಕಣೇ. ಆ ಪ್ಯಾರಿಸ್ಸಿನ ಪತ್ರಿಕೆಯೋರು ಕೇಳ್ತಾರೆ, ಒಬ್ಬಳನ್ನೇ ಕೂರಿಸಿ ಮಾಡಿದ ಪ್ರಯೋಗ ಹ್ಯಾಗೆ ನಂಬೋದು ಅಂತ. ಅದಕ್ಕೆ ಇನ್ನೊಬ್ಬಳನ್ನ ಕರ್ಸಿದೀನಿ. ಐವರಿ ಕೋಸ್ಟಿನೋಳು. ನಮ್ಮ ಪಕ್ಕದ್ಮನೇಲಿ ಕೆಲಸ ಮಾಡ್ತಾಳೆ, ಒಳ್ಳೇ ಹುಡುಗಿ. ಇವತ್ತು ಮಿಕ್ಕಿದ ಸರದಿ ಎಲ್ಲಾ ಅವಳು ಕೂತ್ಕೊಳ್ಲಿ, ನಿನ್ನ ಕುರ್ಚೀಲೇ. ಹೆಸರು ಅಜುವಾ."

ಮದಾಮರ ಹಿಂದಿನಿಂದ ಹಳದಿ ಹೂವಿನ ಅಂಗಿ ಒಳಗೆ ಬಂತು.

ವಸೀಲಾಳ ಕೈಯಲ್ಲಿದ್ದ ಪುಸ್ತಕ ಮುಚ್ಚಿಕೊಂಡಿತು. ಅಜುವಾ ಅವಳನ್ನು ನೋಡಿದಳು, ಗುರುತು ಹಿಡಿದಳು, ಗುರುತು ಹಿಡಿದದ್ದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಫ್ರೆಂಚಿನಲ್ಲಿ ನಮಸ್ಕಾರ ಹೇಳಿ, ತೋರಿಸಿದ ಮೂಲೆಯ ಕುರ್ಚಿಯಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಪರದೆಯ ಮುಂದೆ ಅನಿಸನ ಪಕ್ಕ ನಿಂತು ವಸೀಲಾ ಮೊದಲ ಬಾರಿಗೆ ಆ ಕೋಣೆಯನ್ನು ಗಡಿಯಾರದ ಕಣ್ಣಿನಿಂದ ನೋಡಿದಳು. ಒಬ್ಬ ಹುಡುಗ ಬಂದ, ನೋಡಿದ, ಬಾಗಿಲ ಬಳಿಯ ಕುರ್ಚಿಯಲ್ಲಿ ಅರ್ಧ ಕುಂಡೆ ಊರಿ ಕೂತ. ಒಬ್ಬಳು ಬಂದು ಕೂರಲೇ ಇಲ್ಲ, ಗೋಡೆಗೊರಗಿ ನಿಂತಳು. ಇನ್ನೊಬ್ಬಳು ಕೂತಂತೆ ಮಾಡಿ, ಮೂಗಿಗೆ ವಸ್ತ್ರ ಎಳೆದುಕೊಂಡು ಹೊರಗೇ ಹೋದಳು. ಬೆಳಿಗ್ಗೆ ಅವಳ ತೋಳು ಉಜ್ಜಿದ ಹುಡುಗಿಯ ಗೆಳತಿ ಇರಬೇಕು, ಅದೇ ಬಗೆಯ ಚೀಲ. ಅಜುವಾ ಯಾರನ್ನೂ ನೋಡದೆ ಎದುರಿಗಿನ ಗಡಿಯಾರವನ್ನೇ, ಅಂದರೆ ನೇರವಾಗಿ ಇವರಿಬ್ಬರ ಕಣ್ಣನ್ನೇ ನೋಡುತ್ತ ಕೂತಿದ್ದಳು.

"ಅವಳನ್ನ ಯಾಕೆ ಮುಟ್ಟಲ್ವೋ ಇವರು?" ವಸೀಲಾಳಿಗೆ ಗೊತ್ತಿಲ್ಲದೆ ಬಾಯಿಂದ ಬಂತು.

"ಅವಳನ್ನ ಮುಟ್ಟಿದ್ರೆ ಏನು ಬಂತು? ನಮ್ಮೂರಿನ ಕಪ್ಪಾಗಿದ್ರೆ ತಾನೇ ಬರ್ಕತ್ತು." ಅನಿಸ್ ಹರೀಸಾ ಖಾರ ಸುರಿಯುತ್ತಿದ್ದ ರೊಟ್ಟಿ ಕಚ್ಚುತ್ತ ಹೇಳಿದ.

"ನಿನಗೆ ಗೊತ್ತಿತ್ತಾ?"

ಅವನು ಅಗಿಯುವುದನ್ನು ನಿಲ್ಲಿಸಿದ. "ಏನು?"

"ಅವರು ಯಾಕೆ ನನ್ನ ಪಕ್ಕ ಕೂರ್ತಾರೆ ಅಂತ."

"ಅಯ್ಯೋ, ಯಾರಿಗೆ ಗೊತ್ತಿಲ್ಲ ಕಣೇ? ನಮ್ಮಮ್ಮ ನನ್ನ ಡ್ರೈವಿಂಗ್ ಪರೀಕ್ಷೆ ದಿನ ಬೇಕರಿಯ ಕರಿ ಸಾಲಿಹನ ಕೈ ಮುಟ್ಟಿ ಹೋಗು ಅಂತಿದ್ರು. ಮುಟ್ಟಿದೆ, ಪಾಸಾದೆ. ಅದ್ರಲ್ಲಿ ಕೆಟ್ಟದ್ದೇನಿದೆ? ಒಳ್ಳೇದಾಗ್ಲಿ ಅಂತ ಮುಟ್ಟೋದು." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನೀನು ಸುಮ್ನಿದ್ದೆ, ನಿನಗೆ ಬೇಜಾರಿಲ್ಲ ಅಂದ್ಕೊಂಡೆ," ಎಂದ.

ಮದಾಮ್ ಬಂದು ಪರದೆ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದಲ್ಲಿ ದೀಪ ಹತ್ತಿತು. "ಯಾ ರಬ್ಬೀ! ಕಂಡ್ರಾ? ಇದು ಬಣ್ಣದ ಪ್ರಶ್ನೆನೇ ಅಲ್ಲ! ನಮ್ಮ ಜನಕ್ಕೆ ಬಣ್ಣದ ರೋಗ ಇಲ್ಲ. ನಮ್ಮ ವಸೀಲಾನ ಮಡಿಲಲ್ಲೇ ಕೂತ್ಕೊಳ್ತಾರೆ. ಹೊರಗಿನೋರ ಭಯ ಅಷ್ಟೇ ಇದು, ಭಯ ಯಾವ ದೇಶದಲ್ಲಿಲ್ಲ? ಅನಿಸ್, ಎರಡೂ ಚಿತ್ರ ಅಕ್ಕಪಕ್ಕ ಹಾಕು. ಸಂಜೆಗೆ ಇದೇ." ವಸೀಲಾಳ ಭುಜ ಹಿಡಿದು ಅಲುಗಾಡಿಸಿದರು. "ನಿನ್ನ ಹುದ್ದೆ ಆಯ್ತು ಅಂತ ತಿಳ್ಕೋ." ಎರಡು ಚಿತ್ರಗಳು ಪರದೆಯ ಮೇಲೆ ಅಕ್ಕಪಕ್ಕ ಬಂದವು. ಒಂದರಲ್ಲಿ ಇರುವೆ ಮುತ್ತಿದ ಮೂಲೆ, ಇನ್ನೊಂದರಲ್ಲಿ ಇಂಗು ಹಾಕಿದಂತೆ ಇರುವೆ ಓಡಿಹೋದ ಮೂಲೆ. ತಾನು ಬಾಯಿ ಮುಚ್ಚಿಕೊಂಡಿದ್ದರ ಬೆಲೆ ಇಷ್ಟು ದಿನ ತನ್ನೊಬ್ಬಳ ತೋಳಿನ ಚರ್ಮ ಎಂದುಕೊಂಡಿದ್ದಳು ವಸೀಲಾ. ಈಗ ನೋಡಿದರೆ ಅದೇ ತೋಳನ್ನು ಹಿಡಿದು ಮದಾಮ್ ಅಜುವಾಳ ಮೇಲೆ ಬೀಸುತ್ತಿದ್ದರು.

ಕೊನೆಯ ಸರದಿ ಮುಗಿದದ್ದನ್ನು ಹೇಳಲು ವಸೀಲಾ ಕಾಯುವ ಕೋಣೆಗೆ ಹೋದಳು. ನೀರಿನ ಬಾಟಲಿ ಕೊಟ್ಟು, ಮಾತು ಹೊಂದಿಸಿಕೊಳ್ಳುತ್ತ ಕೂತಳು. ಕೂತ ಮೇಲೆ ತಿಳಿಯಿತು, ತಾನು ಕೂತದ್ದು ಬಾಗಿಲ ಬಳಿಯ ಕುರ್ಚಿಯಲ್ಲಿ. ಗೋಡೆಯ ಆಚೆಯಿಂದ ಅನಿಸನ ನಗೆ ಕೇಳಿತು: "ನಿನ್ನದನ್ನೂ ಲೆಕ್ಕಕ್ಕೆ ಹಿಡೀಲಾ ವಸೀಲಾ?" ಅವಳು ಎದ್ದು ಹತ್ತಿರ ಹೋಗಬಹುದಿತ್ತು. ಎದ್ದರೆ ಅದು ಇನ್ನೂ ಅಸಹ್ಯವಾಗುತ್ತಿತ್ತು. ಕೂತೇ ಇದ್ದಳು.

ಅಜುವಾ ನೀರು ಕುಡಿದು ಮುಚ್ಚಳ ತಿರುಗಿಸಿದಳು. "ಬೆಳಿಗ್ಗೆ ನಿಮ್ಮ ಫೋನಲ್ಲಿ ಆ ಕಡೆ ಯಾರೂ ಇರ್ಲಿಲ್ಲ, ಅಲ್ವಾ?"

"ಹ್ಯಾಗೆ ಗೊತ್ತು?"

"ನೀವು ಮಾತಾಡ್ತಿದ್ದಾಗ್ಲೇ ಅದು ಬೇರೆ ಯಾರದೋ ಕರೆ ಬಂದು ಹೊಡ್ಕೊಳ್ತು. ನೀವು ಬೆಚ್ಚಿ ಕಿವಿಯಿಂದ ತೆಗೆದ್ರಿ, ಅದರ ಬಾಯಿ ಮುಚ್ಚಿಸಿ ಮತ್ತೆ ಶುರು ಮಾಡಿದ್ರಿ." ಅಜುವಾ ನಗಲಿಲ್ಲ. "ನಾನೂ ಮಾಡಿ ನೋಡಿದೀನಿ ಆ ಉಪಾಯ. ನನ್ನ ಭಾಷೆ ಕೇಳಿದ್ರೆ ಇನ್ನೂ ಜೋರಾಗಿ ಬೈತಾರೆ."

ವಸೀಲಾ ಕ್ಷಮಿಸಿ ಎನ್ನಬೇಕೆಂದುಕೊಂಡಳು. ಅದರ ಬದಲು ಕಚೇರಿಯವರ ಸ್ವರದಲ್ಲಿ, "ಇಲ್ಲಿ ಏನು ನಡೀತಿದೆ ಅಂತ ನಿಮಗೆ ಹೇಳಿದಾರಾ?" ಎಂದು ಕೇಳಿದಳು.

"ಕೂತ್ಕೊಳ್ಳೋ ಕೆಲಸ ಅಂದ್ರು. ಕೂತೆ." ಚೀಲ ಎತ್ತಿಕೊಂಡು ಎದ್ದಳು. "ಎಲ್ಲಾರೂ ನನ್ನಿಂದ ದೂರ ಕೂತ್ಕೊಳ್ತಾರೆ ಅಂತ ತಿಳ್ಕೊಳ್ಳೋಕೆ ಗಡಿಯಾರದೊಳಗೆ ಕಣ್ಣು ಬೇಕಿತ್ತಾ ಮೇಡಂ? ಮೆಟ್ರೋದಲ್ಲಿ ನೀವೇ ಇದ್ರಲ್ಲ."

ಸಂಜೆ ಮೇಲಿನ ಸಭಾಂಗಣದ ಹೊರಗೆ, ಕಾರಿಡಾರಿನಲ್ಲಿ, ಒಳಗಿನಿಂದ ಕುರ್ಚಿ ಎಳೆಯುವ, ಗಂಟಲು ಸರಿಮಾಡಿಕೊಳ್ಳುವ ಸದ್ದು ಬರುತ್ತಿತ್ತು. ಮದಾಮ್ ಕಾಗದ ಹಿಡಿದು ಅತ್ತಿತ್ತ ಓಡಾಡುತ್ತಿದ್ದರು. ಮರುದಿನ ಅವರ ಮಗಳು ದೊರ್ರಾಳ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ. ಬೆಳಿಗ್ಗೆಯಿಂದ ಹತ್ತು ಸಲ ಹೇಳಿಕೊಂಡಿದ್ದರು. ವಸೀಲಾಳನ್ನು ಕಂಡು ನಿಂತರು. "ಬಾ ಇಲ್ಲಿ, ನಿನ್ನ ಕಾಲರ್ ನೋಡು ಹ್ಯಾಗಿದೆ. ಡೀನ್ ಸಾಹೇಬ್ರು ನಿನ್ನನ್ನ ನೋಡ್ಬೇಕು ಅಂದಿದಾರೆ." ಬೆರಳುಗಳು ಕಾಲರನ್ನು ಎತ್ತಿ, ಮಡಚಿ, ಒತ್ತಿದವು. ಕೆಲಸ ಮುಗಿಯಿತು. ಬೆರಳು ಹಿಂದೆ ಹೋಗಲಿಲ್ಲ. ಕಾಲರಿನ ಒಳಗೆ ಜಾರಿ ಅವಳ ಕತ್ತಿನ ಚರ್ಮದ ಮೇಲೆ ನಿಂತವು. ಒತ್ತಿ, ಸ್ವಲ್ಪ ಉಜ್ಜಿದವು. ಮದಾಮರ ಕಣ್ಣು ಎಲ್ಲೋ ದೂರದಲ್ಲಿತ್ತು, ತುಟಿ ಅಲುಗಿತು. ಆ ಬೆರಳುಗಳು ಎದೆಯ ಕಡೆಗೆ ಹೊರಟಿದ್ದವು, ಅಷ್ಟರಲ್ಲಿ ವಸೀಲಾ ಮಣಿಕಟ್ಟು ಹಿಡಿದಳು.

"ಏನೇ ಇದು, ಕೈ ಬಿಡು."

"ದೊರ್ರಾ ಪಾಸಾಗ್ತಾಳೆ ಬಿಡಿ ಮದಾಮ್. ಮುಟ್ಟಿದ್ದಾಯ್ತಲ್ಲ."

ಮದಾಮ್ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಬೇರೆ ಯಾರದೋ ಕೈ ತಮ್ಮ ತೋಳಿಗೆ ಅಂಟಿರುವ ಹಾಗೆ. ಮುಖ ಮೊದಲು ಬಿಳುಚಿ ಆಮೇಲೆ ಕೆಂಪಾಯಿತು. "ಕಾಲರ್ ಸರಿ ಮಾಡಿದೆ ಅಷ್ಟೇ."

"ಆ ಮಕ್ಕಳೂ ಚೀಲ ಸರಿ ಮಾಡ್ಕೊಂಡಿದ್ದು ಅಷ್ಟೇ. ಒಬ್ಬೊಬ್ಬರೂ ಇದಕ್ಕೇ ಪಕ್ಕ ಕೂತಿದ್ದು. ಪರೀಕ್ಷೆಗೆ ಹೋಗೋ ದಾರೀಲಿ ದೃಷ್ಟಿ ನಿವಾಳಿಸ್ಕೊಂಡು ಹೋಗಿದ್ದು."

"ಹಾಗಿದ್ರೂ ಅದು ಪ್ರೀತಿ ಕಣೇ. ನಮ್ಮ ಹಿರಿಯರ ಪ್ರೀತಿ. ಒಳ್ಳೇದು ಅಂದ್ಕೊಂಡೇ ತಾನೇ ಮುಟ್ಟೋದು?"

"ಒಬ್ಬಳಾದ್ರೂ ನನ್ನ ಹೆಸರು ಕೇಳಿದ್ರೆ ಪ್ರೀತಿ ಅಂತಿದ್ದೆ."

"ಯಾವಾಗಿಂದ ಗೊತ್ತಿತ್ತು ನಿನಗೆ?"

ವಸೀಲಾ ಮಣಿಕಟ್ಟು ಬಿಟ್ಟಳು. "ಮೊದಲ್ನೇ ದಿನದಿಂದ."

"ಮೊದಲ್ನೇ ದಿನದಿಂದ!" ಮದಾಮರ ದನಿ ತೆಳ್ಳಗಾಯಿತು, ಅದರಲ್ಲಿ ಅತ್ತರು ಅಪ್ಪುಗೆ ಯಾವುದೂ ಉಳಿದಿರಲಿಲ್ಲ. "ನನ್ನ ಮನೇಲಿಟ್ಕೊಂಡು ಅನ್ನ ಹಾಕಿದೀನಿ ನಿನಗೆ. ಈ ಬಾಗಿಲವರೆಗೂ ಕರ್ಕೊಂಡು ಬಂದು ಬಾವಿಗೆ ತಳ್ಳೋಣ ಅಂತ ಕಾದಿದ್ಯಾ? ಯಾಕೆ ಸುಮ್ನಿದ್ದೆ, ನಾನು ಹೇಳ್ಲಾ? ನಿನಗೂ ಅದು ಹಿತವಾಗಿತ್ತು. ಎಲ್ರೂ ನಿನ್ನ ಹತ್ರ ಬರ್ತಿದ್ದದ್ದು. ಇಲ್ಲ ಅನ್ನು ನೋಡೋಣ."

"ಹೌದು. ಹಿತವಾಗಿತ್ತು," ಎಂದಳು ವಸೀಲಾ. ಅದನ್ನು ಗಟ್ಟಿಯಾಗಿ ಹೇಳಿದ್ದೇ ಬಾಯೊಳಗಿನ ಆ ಹಳೆಯ ಬಾದಾಮಿಯ ಸಿಹಿ ಕಹಿಯಾಗಿ ಗಂಟಲಿಗಿಳಿಯಿತು.

"ಒಳಗೆ ಬಂದು ಬಾಯಿ ಮುಚ್ಕೊಂಡು ಕೂತ್ಕೊಳ್ಳೋದಾದ್ರೆ ಬಾ. ಇಲ್ಲಾ ಅಂದ್ರೆ ಇಲ್ಲಿಂದ್ಲೇ ಹೋಗು, ಮತ್ತೆ ಬರ್ಬೇಡ." ಮದಾಮ್ ಬಾಗಿಲು ತಳ್ಳಿ ಹೋದರು.

ವಸೀಲಾ ಒಳಗೆ ಹೋದಳು. ಮೊದಲ ಸಾಲಿನಲ್ಲಿ ಅವಳಿಗೆಂದೇ ಕುರ್ಚಿ ಬಿಟ್ಟಿದ್ದರು. ಕೂರಲಿಲ್ಲ, ಗೋಡೆಗೊರಗಿ ನಿಂತಳು. ಎರಡು ಚಿತ್ರಗಳು ತೆರೆಯ ಮೇಲೆ ಬಂದವು. "ನಮ್ಮ ಸಮಾಜ ಬಣ್ಣವನ್ನು ಕಾಣುವುದಿಲ್ಲ ಎಂಬುದಕ್ಕೆ..." ಎಂದು ಮದಾಮ್ ಆರಂಭಿಸಿದರು. ದನಿ ನಡುಗಲೇ ಇಲ್ಲ. ವಸೀಲಾಳ ನಾಲಿಗೆ ಒಣಗಿತ್ತು. ಬೆಳಿಗ್ಗೆ ಫೋನಿನಲ್ಲಿ ಇಲ್ಲದ ಅಮ್ಮನ ಜೊತೆ ಬೋಗಿಯ ತುಂಬಾ ಮಾತಾಡಿದ ನಾಲಿಗೆಯೇ ಇದು. "ಬಣ್ಣ ಕಂಡೇ ಬಂದು ಕೂತಿದ್ದು," ಎಂದಳು. ತಲೆಗಳು ತಿರುಗಿದವು. ಹೇಳಿದಳು: ಪರೀಕ್ಷೆ, ಚೀಲ, ಬೆರಳು, ಅಜ್ಜಿ, ಎಲ್ಲ. ಸರಿಯಾಗಿ ಹೇಳಲಾಗಲಿಲ್ಲ, ಅಜ್ಜಿಯನ್ನು ಮೊದಲು ಹೇಳಿ ಪರೀಕ್ಷೆಯನ್ನು ಕೊನೆಗೆ ಹೇಳಿದಳು, ನಡುವೆ ಗಾಬೆಸಿನ ರಾಗ ಬಂದುಬಿಟ್ಟಿತು. ನಾನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ ಎಂದೂ ಹೇಳಿದಳು. ಮದಾಮ್ ಕಾಗದಗಳನ್ನು ಜೋಡಿಸುತ್ತಿದ್ದರು. ಅನಿಸ್ ತನ್ನ ಬೂಟು ನೋಡುತ್ತಿದ್ದ.

ಆಗ ಡೀನ್ ಸಾಹೇಬರು, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಎಲ್ಲರ ಮುಜುಗರವನ್ನೂ ತಾವೇ ಇಳಿಸುವ ಹಿರಿಯರ ಹಾಗೆ ಹೇಳಿದರು: "ಹಾಗಾದ್ರೆ ನಮ್ಮ ಅನುದಾನದ ಅರ್ಜಿ ಮೇಲೂ ಒಂದ್ಸಲ ಕೈ ಆಡಿಸಿಬಿಡಮ್ಮಾ!"

ಸಭೆ ನಕ್ಕಿತು. ಸಿಟ್ಟಿನ ನಗೆಯಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಅದು ಬಿಡುಗಡೆಯ ನಗೆ, ಪ್ರೀತಿಯ ನಗೆ, ಮದುವೆಮನೆಯಲ್ಲಿ ಕೆನ್ನೆ ಮುಟ್ಟಿ ಕರಿ ಗೊಂಬೆ ಎನ್ನುತ್ತಿದ್ದವರ ನಗೆ. ಮದಾಮ್ ಕೂಡ, ತುಸು ತಡವಾಗಿ, ನಕ್ಕರು. "ಮುಂದಿನ ಚಿತ್ರ," ಎಂದರು. ವಸೀಲಾ ಹೊರಗೆ ಬಂದಾಗ ಬಾಗಿಲು ತನ್ನಷ್ಟಕ್ಕೆ ಮೆತ್ತಗೆ ಮುಚ್ಚಿಕೊಂಡಿತು. ಹುದ್ದೆ ಹೋಯಿತು, ಪಿಎಚ್‌ಡಿ ಹೋಯಿತು ಎಂದು ಮೆಟ್ಟಿಲಿಳಿಯುತ್ತ ಹೇಳಿಕೊಂಡಳು. ದುಃಖ ಇನ್ನೂ ಬಂದಿರಲಿಲ್ಲ, ಮನೆಗೆ ಹೋದ ಮೇಲೆ ಬರುತ್ತದೇನೋ. ಕತ್ತಿನ ಮೇಲೆ ಬೆರಳು ಒತ್ತಿದ ಜಾಗ ಮಾತ್ರ ಉರಿಯುತ್ತಿತ್ತು.

ಮೆಟ್ರೋದಲ್ಲಿ ಹಳದಿ ಅಂಗಿ ಇತ್ತು. ಅಜುವಾ ಕಂಬಿ ಹಿಡಿದು ನಿಂತಿದ್ದಳು, ವಸೀಲಾ ಹೋಗಿ ಅದೇ ಕಂಬಿ ಹಿಡಿದಳು. ಕಿಟಕಿ ಪಕ್ಕ ಕೂತಿದ್ದ ಒಬ್ಬ ಮುದುಕ, ಪಕ್ಕದ ಖಾಲಿ ಸೀಟಿನ ಮೇಲೆ ಟೊಮ್ಯಾಟೊ ಬುಟ್ಟಿ ಇಟ್ಟುಕೊಂಡು, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಒಂದು ಸಾಲ್ದು ಅಂತ ಎರಡಾದ್ವು. ಬೆಳಗಾದ್ರೆ ಊರೆಲ್ಲಾ ಇವೇ," ಎಂದ ಯಾರಿಗೂ ಅಲ್ಲದ ಹಾಗೆ. ವಸೀಲಾಳ ಕೈ ಅಭ್ಯಾಸದಿಂದ ಫೋನಿರುವ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಇವತ್ತು ತೆಗೆಯುವುದಿಲ್ಲ. ಇವಳ ಜೊತೆ ತಾನೂ ಪರದೇಶಿಯಾಗಿಯೇ ಬೈಸಿಕೊಳ್ಳುತ್ತೇನೆ ಎಂದು ಬಾಯಿ ಬಿಗಿದು ನಿಂತಳು. ಹಾಗೆ ನಿಂತಿದ್ದರಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು.

ಅಜುವಾ ಅವಳ ಕಡೆ ತಿರುಗದೆ ಫ್ರೆಂಚಿನಲ್ಲಿ ಹೇಳಿದಳು, "ಈಗ ಯಾಕೆ ಸುಮ್ನಿದೀರಿ? ಬೇಕಾದಾಗ್ಲೇ ನಿಮಗೆ ಬಾಯಿ ಬಿದ್ದು ಹೋಗುತ್ತಾ?"

ವಸೀಲಾ ಬಾಯಿ ತೆರೆದಳು. "ಬುಟ್ಟಿ ತೆಗೀರಿ ತಾತ," ಎಂದಳು, ಗಾಬೆಸಿನ ಪೂರಾ ರಾಗದಲ್ಲಿ. "ಸೀಟಿರೋದು ಮನುಷ್ಯರು ಕೂರೋಕೆ. ಇವರು ಬೆಳಿಗ್ಗೆಯಿಂದ ಕೆಲಸ ಮಾಡಿ ಬಂದಿದಾರೆ."

ಮುದುಕನ ಮುಖ ಬೆಣ್ಣೆಯಾಯಿತು. "ಓ, ನಮ್ಮ ಹುಡುಗಿನಾ! ಮೊದ್ಲೇ ಹೇಳ್ಬಾರ್ದಾ ಮಗಳೇ, ಕತ್ತಲಲ್ಲಿ ಗುರುತು ಸಿಗ್ಲಿಲ್ಲ." ಬುಟ್ಟಿ ತೊಡೆಗೇರಿತು. "ಬಾ, ನೀನು ಕೂತ್ಕೋ. ನೀನು ಮಾತ್ರ." ಸೀಟನ್ನು ಅಂಗೈಯಿಂದ ಒರೆಸಿದ. ಹೊರಗೆ ಇನ್ನೂ ಬಿಸಿಲಿತ್ತು.

"ಕೂತ್ಕೊಳ್ಳಿ," ಎಂದಳು ವಸೀಲಾ ಅಜುವಾಳಿಗೆ.

ಅಜುವಾ ಆ ಸೀಟನ್ನು, ಮುದುಕನನ್ನು, ವಸೀಲಾಳನ್ನು ಒಂದೊಂದಾಗಿ ನೋಡಿದಳು. "ಇವನ ಪಕ್ಕಾನಾ? ಬೇಡ," ಎಂದಳು. "ನಿಮ್ಮ ಪಕ್ಕಾನೂ ಬೇಡ." ಚೀಲ ಎದೆಗವಚಿಕೊಂಡು, ಜನರ ನಡುವೆ ದಾರಿ ಮಾಡಿಕೊಳ್ಳುತ್ತ ಬೋಗಿಯ ಆ ತುದಿಗೆ ನಡೆದಳು.

ಸೀಟು ಖಾಲಿ ಉಳಿಯಿತು. ಮುದುಕ ಅದನ್ನು ಇನ್ನೊಮ್ಮೆ ತಟ್ಟಿ ಕರೆದ. ಅಂಗಡಿ ಮುಚ್ಚಿ ಬರುವ ಜನ ಹತ್ತಿದರು, ಕಾಲ ಮೇಲೆ ಕಾಲಿಟ್ಟು ನಿಂತರು, ಆದರೂ ಕಂಬಿಯ ಬಳಿ ನಿಂತ ಕಪ್ಪು ಹುಡುಗಿಯ ಕಣ್ಣು ಅದರ ಮೇಲೆ ನೆಟ್ಟಿದ್ದನ್ನು ಕಂಡೋ ಏನೋ, ಯಾರೂ ಹೋಗಿ ಕೂರಲಿಲ್ಲ. ಬಾರ್ಸಲೋನಾ ಬರುವವರೆಗೂ ವಸೀಲಾ ಆ ಖಾಲಿ ಸೀಟಿನಿಂದ ತನಗೆಷ್ಟು ದೂರ, ಆ ತುದಿಯ ಹಳದಿ ಅಂಗಿಗೆಷ್ಟು ದೂರ ಎಂದು, ಬಿಡಬೇಕೆಂದರೂ ಬಿಡದ ಕೆಲಸದ ಚಾಳಿಯಲ್ಲಿ, ಕಣ್ಣಲ್ಲೇ ಅಳೆಯುತ್ತ ನಿಂತಿದ್ದಳು.